ಎಲೆ ಕೊಯ್ದವಳ ಮಗಳು

ಒಂದು ಕಥೆಯನ್ನು ತೆಗೆಸಬೇಕಾಗಿತ್ತು, ಅಷ್ಟೇ. ಸಮಾರಂಭವನ್ನಲ್ಲ, ಇಡೀ ಭಾಷಣವನ್ನಲ್ಲ, ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದನ್ನೂ ಅಲ್ಲ. ಭಾಷಣದ ನಡುವೆಲ್ಲೋ ಬರುವ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯದ, ಅಮ್ಮನ ಮೇಲಿನ ಆ ಕಥೆ. ಕಳಸದ ಮನೆಯ ಹಿತ್ತಲಲ್ಲಿ ಬೆಳಗಿನ ಚಳಿಗೆ ಸೆರಗು ಹೊದ್ದು ನಿಂತಿದ್ದ ವಡಿವು ಅದನ್ನು ಮನಸ್ಸಿನಲ್ಲೇ ಎತ್ತಿ ತೂಗಿ ನೋಡಿದಳು. ಬೇರೆಯವರ ಮಾತನ್ನು ತೂಗುವುದೇ ಅವಳ ಕಸುಬು. ಒಮ್ಮೆ ಒಂದು ತಣ್ಣನೆಯ ಊರಿನ ಹೋಟೆಲಿನಲ್ಲಿ ಎರಡು ದೇಶದವರು 'ಕಳವಳ' ಎಂಬ ಮಾತಿನ ಹಿಂದೆ 'ತೀವ್ರ' ಎಂದು ಇರಬೇಕೋ ಬೇಡವೋ ಎಂದು ಕಿತ್ತಾಡಿಕೊಂಡು ಊಟವನ್ನೇ ಮರೆತಿದ್ದರು. ಕೊನೆಗೆ ಆ ಕಡೆಯ ಮುಖ್ಯಸ್ಥನ ಮಂಡಿನೋವನ್ನು ವಿಚಾರಿಸಿ, ತನ್ನ ಅಪ್ಪನಿಗೂ ಹಾಗೇ ಇತ್ತೆಂದು ಇಲ್ಲದ ನೋವನ್ನು ಹೇಳಿ, ಆ 'ತೀವ್ರ'ವನ್ನು ಹೂವಿನಿಂದ ಇರುವೆ ತೆಗೆದಂತೆ ತೆಗೆದವಳು ಅವಳೇ. ಅಂಥವಳಿಗೆ ಇವತ್ತು ಭಾಷಣ ಮಾಡಲಿರುವ ಕಾಶೀನಾಥ ರೈಟರ ಬಾಯಿಂದ ಒಂದು ಹಳೆಯ ಕಥೆ ತೆಗೆಸುವುದು ಎಷ್ಟರ ಮಾತು? ಆದರೂ ಹೊರಡದೆ ಹಿತ್ತಲಲ್ಲೇ ನಿಂತಿದ್ದಳು. ಒಳಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕುವ ಸದ್ದು. ಎಂಬತ್ತು ದಾಟಿದ ಪಾಪಮ್ಮ ಮಗಳ ಸನ್ಮಾನಕ್ಕೆ ಯಾವ ಸೀರೆ ಉಡಬೇಕೆಂದು ತೀರ್ಮಾನಿಸುತ್ತಿದ್ದರು.

"ವಡಿವೂ, ಈ ನೇರಳೆ ಚೆನ್ನಾಗಿದ್ಯಾ, ಆ ಹಸಿರು ಚೆನ್ನಾಗಿದ್ಯಾ?"

"ಯಾವುದಾದ್ರೂ ಸರಿ ಅಮ್ಮಾ."

"ಯಾವುದಾದ್ರೂ ಸರಿ ಅನ್ನೋದಕ್ಕೆ ಸರ್ಕಾರ ಸಂಬಳ ಕೊಡುತ್ತಾ ನಿಂಗೆ? ನನ್ನ ಕುರ್ಚಿ ಮುಂದಿನ ಸಾಲಲ್ಲೇ ತಾನೆ?"

"ಮುಂದೇನೇ ಅಮ್ಮಾ."

"ಹಾಗಾದ್ರೆ ನೇರಳೆ," ಎಂದರು ಪಾಪಮ್ಮ. ಆ ದನಿಯಲ್ಲಿ ಮದುವೆಮನೆಗೆ ಹೊರಟ ಹುಡುಗಿಯ ಸಂಭ್ರಮವಿತ್ತು. ಇಷ್ಟು ಆಸೆಯಿಂದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತ ಅಮ್ಮನ ಮುಖದ ಮೇಲೇ ಸನ್ಮಾನ ನಡೆಯುವ ಸಂಸೆಯ ಜನರೆಲ್ಲ ನಗುತ್ತಾರೆ. ನಗಲೆಂದೇ ರೈಟರು ಆ ಕಥೆ ಇಟ್ಟುಕೊಂಡಿರುತ್ತಾರೆ. ಇವತ್ತು ಅದು ಆಗಕೂಡದು.

ಕಥೆ ಗೊತ್ತಿಲ್ಲದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಸಿಲೋನಿನಿಂದ ಬಂದ ನಿರಾಶ್ರಿತರ ಲಾರಿಯೊಂದು ಸಂಸೆಯ ಆಚೆ ಹೊನ್ನೆಕಾಡು ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳ ಮುಂದೆ ಜನರನ್ನು ಇಳಿಸಿ ಹೋದ ಮಾರನೆಯ ಬೆಳಿಗ್ಗೆ, ಹೊಸಬರನ್ನು ಕಾಫಿ ಹಣ್ಣಿನ ಕೊಯ್ಲಿಗೆ ನಿಲ್ಲಿಸಿದರು. ಮೇಸ್ತ್ರಿ ಪಾಪಮ್ಮನ ಸೊಂಟಕ್ಕೆ ಚೀಲ ಕಟ್ಟಿಸಿ, ಈ ಸಾಲು ನಿಂದು ಎಂದು ಕೈ ತೋರಿಸಿ ಹೋದ. ಪಾಪಮ್ಮನಿಗೆ ಕನ್ನಡ ಬಾರದು. ಹುಟ್ಟಿದಾಗಿನಿಂದ ಟೀ ತೋಟದಲ್ಲಿ ಬೆಳೆದ ಹೆಂಗಸು, ಕಾಫಿ ಗಿಡವನ್ನು ಅವತ್ತೇ ಕಂಡದ್ದು. ಗಿಡ ಕಂಡೊಡನೆ ಎರಡೂ ಕೈ ತಾವಾಗಿ ಎದ್ದು ಎರಡೆಲೆ ಒಂದು ಕುಡಿ, ಎರಡೆಲೆ ಒಂದು ಕುಡಿ ಎಂದು ಚಿವುಟಿ ಚಿವುಟಿ ಹೆಗಲ ಮೇಲಿಂದ ಹಿಂದಕ್ಕೆ ಎಸೆಯತೊಡಗಿದವು. ಟೀ ತೋಟದಲ್ಲಿ ಬುಟ್ಟಿ ನೇತಾಡುವುದು ಬೆನ್ನ ಮೇಲೆ. ಇಲ್ಲಿ ಬೆನ್ನ ಮೇಲೆ ಗಾಳಿ. ಮೇಸ್ತ್ರಿ ತಿರುಗಿ ಬಂದಾಗ ಒಂದು ಸಾಲಿಡೀ ಕಾಫಿ ಚಿಗುರು ನೆಲದ ಮೇಲೆ ಹಸಿರು ಜಮಖಾನದ ಹಾಗೆ ಹಾಸಿ ಬಿದ್ದಿತ್ತು. ಕೆಂಪು ಹಣ್ಣು ಒಂದೂ ಮುಟ್ಟದೆ ಗಿಡದಲ್ಲೇ ಇತ್ತು.

ಶಾಲೆಯಲ್ಲಿ ವಡಿವುವಿಗೆ ಹೆಸರೇ ಇರಲಿಲ್ಲ. ಎಲೆ ಕೊಯ್ದವಳ ಮಗಳು. ಹಾಜರಿ ಕೂಗುವಾಗ ಮೇಷ್ಟ್ರು ಅವಳ ಹೆಸರಿಗೆ ಬಂದರೆ ಹುಡುಗರು ಬೆಂಚಿನ ಮೇಲೆ ಕೈ ಎತ್ತಿ ಹೆಗಲಿನ ಹಿಂದಕ್ಕೆ ಏನನ್ನೋ ಎಸೆಯುತ್ತಿದ್ದರು. ಒಂದು ದಿನ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಅವರು ಒಳ್ಳೆಯವರು, ತಕ್ಷಣ ಮುಖ ತಿರುಗಿಸಿ ಬೋರ್ಡು ಒರೆಸತೊಡಗಿದರು. ಒರೆಸುವುದಕ್ಕೆ ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ದೊಡ್ಡವಳಾದ ಮೇಲೆ ಯಾವ ದೇಶದ ಯಾವ ಸಭೆಯಲ್ಲಾದರೂ ಹಿಂದಿನ ಕುರ್ಚಿಗಳಲ್ಲಿ ಯಾರಾದರೂ ಕಿಸಕ್ಕೆಂದರೆ ಅವಳ ಕತ್ತು ಆ ಬೆಂಚಿನಲ್ಲಿ ತಗ್ಗಿದ ಹಾಗೇ ತಗ್ಗುತ್ತಿತ್ತು. ಅದನ್ನು ಜನ ವಿನಯ ಎಂದುಕೊಂಡರು. ಮೇಲಿನ ಅಧಿಕಾರಿಯೊಬ್ಬರು ಅವಳ ವಿನಯವನ್ನು ಬರವಣಿಗೆಯಲ್ಲೇ ಮೆಚ್ಚಿಕೊಂಡಿದ್ದರು.

ಕಾಶೀನಾಥ ರೈಟರ ಮನೆ ದೇವಸ್ಥಾನದ ಮೆಟ್ಟಿಲ ಕೆಳಗಿನ ಬೀದಿಯಲ್ಲಿ. ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ನೋಡಿಕೊಳ್ಳುವವರನ್ನು ರೈಟರು ಅನ್ನುವುದು ವಾಡಿಕೆ. ಹೊನ್ನೆಕಾಡಿನಲ್ಲಿ ಅಷ್ಟು ವರ್ಷ ಆ ಕೆಲಸ ಮಾಡಿದ ಇವರಿಗೆ ನಿವೃತ್ತಿಯ ನಂತರ ಆ ಹೆಸರೇ ಉಳಿದುಬಿಟ್ಟಿತ್ತು. ವಡಿವು ಬಾಗಿಲಿಗೆ ಹೋದಾಗ ಅವರು ಜಗಲಿಯ ಮೇಲೆ ನಿಂತು, ಎದುರಿನ ಕಂಬವನ್ನೇ ಸಭೆಯೆಂದು ಭಾವಿಸಿ, ಕಾಗದ ನೋಡಿಕೊಂಡು ಭಾಷಣ ಒಪ್ಪಿಸುತ್ತಿದ್ದರು.

"ಬಾ ಬಾ ವಡಿವು! ಛೇ, ಬನ್ನಿ ಅನ್ಬೇಕು ಈಗ. ರಾಯಭಾರಿಗೆ ಏಕವಚನ ಹಾಕಿದ್ರೆ ಯುದ್ಧ ಆಗೋದುಂಟಾ ಎಂತ?"

"ನಿಮ್ಮ ಮೇಲೆ ಆಗಲ್ಲ ರೈಟ್ರೇ. ಮಂಡಿನೋವು ಹೇಗಿದೆ?"

"ಮಂಡಿ ಅದರ ಪಾಡಿಗೆ ಉಂಟು. ನೀನು ಬೆಳಿಗ್ಗೆ ಬೆಳಿಗ್ಗೆ ಮಂಡಿ ಕೇಳ್ಲಿಕ್ಕೆ ಬಂದೋಳಲ್ಲ. ಎಂತ ಬೇಕು ಹೇಳು."

ಇಷ್ಟು ನೇರವಾಗಿ ಕೇಳುವ ಎದುರಾಳಿ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ. ಬರುವ ದಾರಿಯಲ್ಲಿ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಗಂಟಲಲ್ಲೇ ಬಿಚ್ಚಿ ಬಿತ್ತು. "ಅಮ್ಮನ ಕಥೆ ಇದ್ಯಲ್ಲ, ಎಲೆ ಕೊಯ್ದಿದ್ದು. ಇವತ್ತು ಅದು ಬೇಡ."

ರೈಟರು ಕಾಗದ ನೋಡಿದರು. ಅವರ ಬೆರಳು ಆಗಲೇ ಆ ಜಾಗದ ಮೇಲಿತ್ತು.

"ಅದನ್ನ ತೆಗೆದ್ರೆ ಉಳಿಯೋದು ಎಂತ ಮಾರಾಯ್ತಿ? ಹುಟ್ಟಿದ್ದು, ಓದಿದ್ದು, ಪೇಪರ್ ಸೇರಿದ್ದು, ಡೆಲ್ಲಿಗೆ ಹೋಗಿದ್ದು. ಅದು ಬಯೋಡಾಟಾ. ಜನ ಅದಕ್ಕೆ ಚಪ್ಪಾಳೆ ಹೊಡೀತಾರೆ, ನಗೋದಿಲ್ಲ."

"ನಗಬಾರದು ಅಂತಲೇ ಬಂದಿದ್ದು."

ರೈಟರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಕಣ್ಣು ಸಣ್ಣ ಮಗುವಿನ ಕಣ್ಣಿನಂತೆ ಆಸರೆಯಿಲ್ಲದೆ ಕಾಣಿಸಿತು. "ಪಾಪಮ್ಮಂಗೆ ಬೇಜಾರುಂಟಾ?"

ಅವಳು ಅಮ್ಮನನ್ನು ಕೇಳಿರಲಿಲ್ಲ. ಕೇಳುವುದು ಹೇಗೆ? ಕೇಳಿದರೆ ಅಮ್ಮನಿಗೆ ಅದು ನೋವೆಂದು ಒಪ್ಪಿಸಿದಂತಾಗುತ್ತದೆ, ಒಪ್ಪಿಸಿದರೆ ನೋವು ನಿಜವಾಗುತ್ತದೆ. ಇಷ್ಟು ವರ್ಷ ತಾಯಿ ಮಗಳ ನಡುವೆ ಆ ಕಥೆಯ ಸುದ್ದಿಯೇ ಬಂದಿರಲಿಲ್ಲ. "ಹೂಂ," ಎಂದಳು ವಡಿವು. ಅದು ಸಾಲದೆಂದು ತೋರಿ, "ಅಮ್ಮನೇ ಹೇಳಿ ಕಳಿಸಿದ್ದು," ಎಂದು ಸೇರಿಸಿದಳು. ಎಷ್ಟು ಸಲೀಸಾಗಿ ಬಂತು ಅದು, ಒಗೆದು ಮಡಿಸಿಟ್ಟ ಬಟ್ಟೆ ಕೈಗೆ ಬಂದ ಹಾಗೆ.

ರೈಟರು ಕನ್ನಡಕವನ್ನು ಪಂಚೆಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ಕಣದಲ್ಲಿ ಕಾಫಿ ಹಣ್ಣು ಕೆದಕುವ ಸದ್ದು ಎಲ್ಲಿಂದಲೋ ಕೇಳುತ್ತಿತ್ತು. "ನಂಗೆ ಗೊತ್ತೇ ಆಗ್ಲಿಲ್ಲ ನೋಡು," ಎಂದರು ಕೊನೆಗೆ. "ನನ್ನ ಮಗ ವಿಘ್ನೇಶನ ಮದುವೇಲೂ ಹೇಳಿದ್ದೆ. ಆಯಮ್ಮ ಎದುರೇ ಕೂತಿದ್ರು. ನಕ್ಕಿದ್ರು ಅಂತ ನನ್ನ ನೆನಪು. ನಮ್ಮ ನೆನಪು ನಮಗೆ ಬೇಕಾದ ಹಾಗೇ ಇರ್ತದೆ ಅಲ್ವಾ?" ಪೆನ್ನು ತೆಗೆದು ಆ ಭಾಗದ ಮೇಲೆ ಮೆಲ್ಲಗೆ ಗೀಟೆಳೆದರು, ಗಾಯಕ್ಕೆ ಮುಲಾಮು ಹಚ್ಚುವವರಂತೆ. "ರೈಟರು ಕ್ಷಮಿಸು ಅಂದ್ರು ಅಂತ ಹೇಳು ಪಾಪಮ್ಮಂಗೆ. ಮರೀಬೇಡ."

ಗೆದ್ದ ಸಂತೋಷ ಬರಬೇಕಾಗಿತ್ತು. ಬೀದಿಯಲ್ಲಿ ಇಳಿದು ಬರುವಾಗ ಅವಳಿಗೆ ಬೇರೆಯವರ ಅಂಗಳದಿಂದ ಏನನ್ನೋ ಎತ್ತಿಕೊಂಡು ಬಂದ ಹಾಗೆ ಸೆರಗಿನೊಳಗೆ ಭಾರವಾಯಿತು.

ಹೊನ್ನೆಕಾಡಿನ ಈಗಿನ ಯಜಮಾನ ದಿಲೀಪ್ ಕಳಿಸಿದ ಜೀಪು ಬಂತು. ಪಾಪಮ್ಮ ನೇರಳೆ ಸೀರೆಯಲ್ಲಿ ಮುಂದಿನ ಸೀಟೇ ಬೇಕೆಂದು ಹತ್ತಿ ಕೂತರು. ಹಿಂದೆ ಕೂತ ವಡಿವುವಿಗೆ ಅಮ್ಮನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು, ಬಿಳಿಯ ತುರುಬಿಗೆ ಸಿಕ್ಕಿಸಿದ ಒಂದು ಸೇವಂತಿಗೆ. ಹೀಗೇ, ಈ ತಲೆಯ ಹಿಂಭಾಗವನ್ನೇ ನೋಡುತ್ತ ಅವಳು ಹಡಗಿನ ಏಣಿ ಇಳಿದಿದ್ದಳು. ಆಗ ಕೂದಲು ಕಪ್ಪಿತ್ತು, ಹೂವಿರಲಿಲ್ಲ. ಅಪ್ಪ ಟ್ರಂಕು ಹೊತ್ತು ಮುಂದೆ, ಅಮ್ಮ ನಡುವೆ, ತಾನು ಕೊನೆಗೆ. ಕಡಲ ಈಚೆಗಿನ ಮಂಡಪಂ ನಿರಾಶ್ರಿತರ ಶಿಬಿರದ ಮೇಜಿನಾಚೆ ಕೂತಿದ್ದ ಅಧಿಕಾರಿ ಊರು ಯಾವುದೆಂದು ಕೇಳಿದ. ಅಪ್ಪ ಟೀ ತೋಟದ ಹೆಸರು ಹೇಳಿದ. ಅದಲ್ಲಪ್ಪಾ, ಈ ಕಡೆ ಊರು, ನಿನ್ನ ತಾತನ ಊರು ಎಂದ ಅವನು. ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನನ್ನು ಕಂಡ ಅಧಿಕಾರಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು, ಊಟದ ಹೊತ್ತು ಮೀರಿತ್ತು. ಸಿಲೋನಿನ ತೋಟದ ತಮಿಳರನ್ನು ಎರಡು ಸರ್ಕಾರಗಳು ಕೂತು ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಎಂದು ಹಂಚಿಕೊಂಡ ಆ ಒಪ್ಪಂದದ ಮೇಜಿನ ಸುತ್ತಲೂ ತನ್ನಂಥವರೇ ಇದ್ದಿರಬೇಕು. ಯಾರೋ ಒಂದು ಪದ ತೆಗೆಸಿ ನೆಮ್ಮದಿಯಿಂದ ಮಲಗಲು ಹೋಗಿರಬೇಕು. ಆ ನೆಮ್ಮದಿ ಅವಳಿಗೆ ಗೊತ್ತು. ಅದರ ರುಚಿ ಹಿಡಿದವಳು ಅವಳು.

"ಆ ತಿರುವು ನೋಡು," ಎಂದರು ಪಾಪಮ್ಮ ಹಿಂದೆ ತಿರುಗದೆ. "ನಿನ್ನ ಕವರು ತಗೊಂಡು ನಾನು ಬಸ್ಸಿಗೆ ಓಡಿದ ಜಾಗ."

ಹೌದು. ಪದವಿ ಮುಗಿಸಿ ಪತ್ರಿಕೆಯೊಂದಕ್ಕೆ ಈ ಭಾಗದ ಸುದ್ದಿ ಬರೆಯುತ್ತಿದ್ದ ವರ್ಷಗಳು. ಬರೆದ ಸುದ್ದಿಯನ್ನು ಕವರಿಗೆ ಹಾಕಿ ಕಂಡಕ್ಟರನ ಕೈಯಲ್ಲಿ ಕೊಟ್ಟರೆ ಚಿಕ್ಕಮಗಳೂರಿನಲ್ಲಿ ಯಾರೋ ಇಳಿಸಿಕೊಳ್ಳುತ್ತಿದ್ದರು. ಒಂದು ಮಳೆಗಾಲ ಪಕ್ಕದ ಎಸ್ಟೇಟಿನಲ್ಲಿ ಲೈನ್ ಮನೆಯ ಮಾಡು ಕುಸಿಯಿತು. ಅದೇ ನೆಪದಲ್ಲಿ ಅವಳು ಲೈನುಗಳ ಸ್ಥಿತಿಯ ಮೇಲೆ ದೊಡ್ಡದಾಗಿ ಬರೆದಳು. ಅದರಲ್ಲಿ ಒಂದು ಮಾತು ಎಲ್ಲರ ಮನಸ್ಸು ತಟ್ಟಿತು: ನಮ್ಮ ಮಾಡು ಸೋರಿದರೆ ನಾನು ಮೊದಲು ಎತ್ತಿಡುವುದು ಅಕ್ಕಿಯನ್ನಲ್ಲ, ಮಗಳ ಪುಸ್ತಕ. ಹಾಗೆಂದು ಹೇಳಿದ್ದು ಹೆಸರು ಹೇಳಲಿಚ್ಛಿಸದ ಕಾರ್ಮಿಕ ಮಹಿಳೆಯೊಬ್ಬರು. ಪಾಪಮ್ಮ ಅದನ್ನು ಯಾರಿಂದಲೋ ಓದಿಸಿಕೊಂಡು ಬಂದು, ಒಲೆಯ ಮುಂದೆ ಕೂತು, ನಾನು ಯಾವಾಗ ಹೆಸರು ಹೇಳಲ್ಲ ಅಂದೆ ಎಂದು ಕೇಳಿದ್ದರು. ಹಾಗೆ ಬರೆಯೋದು ಪದ್ಧತಿ ಅಮ್ಮಾ, ನಿನ್ನ ಒಳ್ಳೇದಕ್ಕೇ ಎಂದಿದ್ದಳು ವಡಿವು. ಆ ಬರಹವೇ ಅವಳನ್ನು ಜಿಲ್ಲಾ ವರದಿಗಾರ್ತಿ ಮಾಡಿತು. ಅಲ್ಲಿಂದ ವಿದೇಶಾಂಗ ಸೇವೆಯ ಪರೀಕ್ಷೆ, ಅಲ್ಲಿಂದ ದೆಹಲಿ, ಅಲ್ಲಿಂದ ಎಲ್ಲೆಲ್ಲಿಯೋ. ಕೆಂಪು ಮಣ್ಣಿನ ಒಂದು ದೇಶದಲ್ಲಿ ಗಡಿಯ ಶಿಬಿರಕ್ಕೆ ಔಷಧಿಯ ಪೆಟ್ಟಿಗೆಗಳನ್ನು ಒಪ್ಪಿಸಲು ಹೋದಾಗ, ಡೇರೆಯ ಮುಂದೆ ಕೂತಿದ್ದ ಮುದುಕನೊಬ್ಬ ದುಭಾಷಿಯ ಮೂಲಕ ಕೇಳಿದ್ದ: ಇಂಥ ಕಡೆಯಿಂದ ಹೊರಗೆ ಹೋಗಿ ಬದುಕಿದವರು ಯಾರಾದರೂ ಇದ್ದಾರಾ ತಾಯಿ? ನಾನಿದ್ದೇನೆ ಎನ್ನಬೇಕಾಗಿತ್ತು. ಒಂದೇ ಮಾತು. ಸುತ್ತ ಕ್ಯಾಮೆರಾಗಳಿದ್ದವು. ಎಲ್ಲ ಪ್ರಯತ್ನಗಳೂ ನಡೆಯುತ್ತಿವೆ ಎಂದು ಅವಳು ಹೇಳಿದಳು. ದುಭಾಷಿ ಅದನ್ನು ಹೇಳುವ ಮೊದಲು ಒಂದು ಕ್ಷಣ ಅವಳ ಮುಖ ನೋಡಿದ.

"ನಿದ್ದೆನಾ?" ಎಂದರು ಪಾಪಮ್ಮ.

"ಇಲ್ಲ ಅಮ್ಮಾ."

"ಹಾಗಾದ್ರೆ ಮುಖ ಯಾಕೆ ಹಾಗಿಟ್ಕೊಂಡಿದೀಯ? ಕನ್ನಡಿಯಲ್ಲಿ ಕಾಣ್ತಾ ಇದೆ. ಸನ್ಮಾನಕ್ಕೆ ಹೋಗೋರ ಮುಖ ಅಲ್ಲ ಅದು, ಸೂಜಿ ಹಾಕಿಸ್ಕೊಳ್ಳೋಕೆ ಹೋಗೋರ ಮುಖ."

ಜೀಪಿನ ಡ್ರೈವರು ನಕ್ಕ. ವಡಿವುವೂ ನಗಲು ನೋಡಿದಳು.

ಸಂಸೆಯ ಸಮುದಾಯ ಭವನದ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ದಿಲೀಪ್ ಓಡಿ ಬಂದು ಪಾಪಮ್ಮನ ಕೈ ಹಿಡಿದು ಇಳಿಸಿಕೊಂಡ. ನಲವತ್ತೈದರ ಪ್ರಾಯ, ಅವನ ಅಪ್ಪನ ಕಾಲದಲ್ಲಿ ಈ ಕೈ ಹಿಡಿಯುವುದೆಲ್ಲ ಇರಲಿಲ್ಲ. ಅದನ್ನು ಗಮನಿಸಿದ್ದಕ್ಕೆ ವಡಿವುವಿಗೆ ತನ್ನ ಮೇಲೇ ಬೇಸರವಾಯಿತು. "ಎಲ್ಲಾ ಹಳಬ್ರೂ ಬಂದಿದಾರೆ ಮೇಡಂ," ಎಂದ. ದನಿ ತಗ್ಗಿಸಿ, "ಹಿಂದೆ ಕೂತಿರೋರು ಈಗ ನಮ್ಮ ಲೈನಲ್ಲಿರೋ ಅಸ್ಸಾಮಿನೋರು. ಇವತ್ತು ರಜಾ ಕೊಟ್ಟು ಕರ್ಕೊಂಡು ಬಂದೆ. ಕನ್ನಡ ಅಷ್ಟು ಬರಲ್ಲ, ಆದ್ರೆ ಕುರ್ಚಿ ಖಾಲಿ ಕಾಣಬಾರದು ನೋಡಿ," ಎಂದ. ಹಿಂದಿನ ಸಾಲುಗಳಲ್ಲಿ ಬಣ್ಣದ ಸ್ವೆಟರು ಹಾಕಿದ ಗಂಡಸರು ಹೆಂಗಸರು, ಯಾರದೋ ಮನೆಯ ಮದುವೆಗೆ ಬಂದವರಂತೆ ಮುದುಡಿ ಕೂತಿದ್ದರು. ಹಾಗೆ ಕೂರುವುದು ಅವಳ ಮೈಗೆಲ್ಲ ಗೊತ್ತಿತ್ತು. ಕಣ್ಣು ಅಲ್ಲಿ ನಿಲ್ಲದೆ ವೇದಿಕೆಗೆ ಹೋಯಿತು.

ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಿವಿಯವರೆಗೂ ಇಳಿಯಿತು. ಕಾಶೀನಾಥ ರೈಟರು ಮೈಕಿನ ಮುಂದೆ ಬಂದು ಕನ್ನಡಕ ಏರಿಸಿಕೊಂಡರು. ಹುಟ್ಟಿದ್ದು ಹೇಳಿದರು, ಹಡಗು ಹೇಳಿದರು, ಲಾರಿ ಹೇಳಿದರು. "ಆ ಲಾರಿ ನಮ್ಮ ಹೊನ್ನೆಕಾಡಿಗೆ ಬಂದ ಮಾರನೇ ದಿವಸ..." ಎಂದವರು ಕಾಗದದ ಮೇಲಿನ ಗೀಟು ಕಂಡು ತಡೆದರು. ಮೊದಲ ಕೆಲವು ಸಾಲುಗಳ ಮುದುಕರು ಮುದುಕಿಯರು ಆಗಲೇ ಮುಖ ಅರಳಿಸಿಕೊಂಡು ಮುಂದಕ್ಕೆ ಬಗ್ಗಿದ್ದರು. ರೈಟರು ನೀರು ಕುಡಿದರು. ಗ್ಲಾಸು ಇಟ್ಟರು. "ಹೀಗೆ ಕಷ್ಟದಲ್ಲಿ ಬೆಳೆದ ನಮ್ಮ ವಡಿವು ಅವರು ವಿದ್ಯಾಭ್ಯಾಸವನ್ನು..."

"ರೈಟ್ರೇ!"

ಮುಂದಿನ ಸಾಲಿನಿಂದ. ಪಾಪಮ್ಮ. ಕುರ್ಚಿಯ ಕೈ ಹಿಡಿದು ಅರ್ಧ ಎದ್ದಿದ್ದರು.

"ಎಲೆ ಕೊಯ್ದಿದ್ದನ್ನ ಬಿಟ್ಬಿಟ್ರಲ್ಲಾ!"

ಸಭೆ ಗೊಳ್ಳೆಂದಿತು, ಮತ್ತೆ ತಕ್ಷಣ ಸುಮ್ಮನಾಯಿತು, ಏಕೆಂದರೆ ರೈಟರು ನಗಲಿಲ್ಲ. ಅವರು ಕಾಗದ ನೋಡಿದರು, ನೆಲ ನೋಡಿದರು. ವಡಿವುವಿನ ಕಡೆ ಮಾತ್ರ ನೋಡಲಿಲ್ಲ. "ಬೇಡ ಅಂತ... ಆಯ್ತು ಪಾಪಮ್ಮ. ಹೊತ್ತಾಗ್ತದೆ ಅಂತ."

"ಹೊತ್ತಾ? ವಿಘ್ನೇಶನ ಮದುವೇಲಿ ಮುಹೂರ್ತ ಮೀರ್ತಾ ಇದ್ರೂ ಹೇಳಿದ್ರಿ ನೀವು! ಯಾರು ಬೇಡ ಅಂದಿದ್ದು?"

ರೈಟರು ಮತ್ತೆ ಗ್ಲಾಸು ಹುಡುಕಿದರು. ಗ್ಲಾಸು ಖಾಲಿಯಿತ್ತು. ಇನ್ನೊಂದು ಕ್ಷಣ ಹೋದರೆ ಆ ಮುದುಕ ತನ್ನನ್ನು ಕಾಯುವುದಕ್ಕೆ ಇನ್ನೊಂದು ಸುಳ್ಳು ಹೇಳುತ್ತಾರೆಂದು ವಡಿವುವಿಗೆ ಗೊತ್ತಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ತಡವರಿಸಿ, ಸಿಕ್ಕಿಬಿದ್ದು, ಎಲ್ಲರೆದುರು ಅವರು ನಾಚಿ ನಿಲ್ಲುತ್ತಾರೆ. ಪೇಟ ಕಿವಿ ಮುಚ್ಚಿದ್ದರಿಂದ ಸಭೆಯ ಸದ್ದೆಲ್ಲ ದೂರದಿಂದ ಕೇಳುತ್ತಿತ್ತು. ಅವಳು ಎದ್ದಳು. ಮೈಕು ಹತ್ತಿರವೇ ಇತ್ತು. ಸಣ್ಣದಾಗಿ ಆಡಿದ ಮಾತು ಭವನದ ಮೂಲೆಮೂಲೆಗೂ ಹೋಯಿತು.

"ನಾನು ಅಮ್ಮಾ. ನೀನು ಬೇಡ ಅಂದೆ ಅಂತ ನಾನೇ ರೈಟ್ರಿಗೆ ಸುಳ್ಳು ಹೇಳಿದೆ."

ಪಾಪಮ್ಮ ಪೂರ್ತಿ ಎದ್ದು ನಿಂತರು. ಮಗಳನ್ನು, ಅವಳ ಕಿವಿಯವರೆಗೆ ಇಳಿದ ಪೇಟವನ್ನು, ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ನಿಂಗೆ ಯಾರು ಕೊಟ್ರು ಅದನ್ನ, ತೆಗೆಸೋದಕ್ಕೆ? ಅದು ನಂದು."

ಕೋಪವಿರಲಿಲ್ಲ ಆ ದನಿಯಲ್ಲಿ. ಬುಟ್ಟಿಯಿಂದ ಜಾರಿದ್ದನ್ನು ಎತ್ತಿ ಮತ್ತೆ ಬುಟ್ಟಿಗೆ ಹಾಕಿಕೊಳ್ಳುವ ಹೆಂಗಸಿನ ಸಹಜತೆ ಇತ್ತು. ದಿಲೀಪ್ ಕೈ ಕೊಡಲು ಬಂದ. ಬೇಡವೆಂದು ಅವರೇ ಮೆಟ್ಟಿಲು ಹತ್ತಿ, ರೈಟರನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ, ಮೈಕಿನ ಮುಂದೆ ನಿಂತರು.

"ರೈಟ್ರು ಚೆನ್ನಾಗೇ ಹೇಳ್ತಾರೆ. ಆದ್ರೆ ಅರ್ಧ ಹೇಳ್ತಾರೆ. ಪಾಪ, ಅವರಿಗೆ ಗೊತ್ತಿರೋದೇ ಅಷ್ಟು. ನನ್ನನ್ನ ಸಾಲಲ್ಲಿ ನಿಲ್ಸಿ ಮೇಸ್ತ್ರಿ ಹೋದ. ಮಾರಯ್ಯ ಅಂತ, ಒಳ್ಳೆ ಮನುಷ್ಯ. ನಾನು ಸುತ್ತ ನೋಡ್ದೆ. ಹೆಂಗಸ್ರೆಲ್ಲ ಏನ್ ಮಾಡ್ತಾ ಇದಾರೆ? ಕೆಂಪು ಹಣ್ಣು ಕೀಳ್ತಾ ಇದಾರೆ, ಚೀಲಕ್ಕೆ ತುಂಬ್ತಾ ಇದಾರೆ. ನಾನು ಏನ್ ಅಂದ್ಕೊಂಡೆ ಗೊತ್ತಾ? ಅಯ್ಯೋ ದೇವ್ರೇ, ಎಂಥಾ ಸೋಮಾರಿಗಳ ಊರಿಗೆ ಬಂದ್ವಪ್ಪಾ! ಮೇಸ್ತ್ರಿ ಆ ಕಡೆ ಹೋಗಿದ್ದೇ ತಡ, ಕೆಲಸ ಬಿಟ್ಟು ಎಲ್ಲಾ ತಿನ್ನೋಕೆ ಹಣ್ಣು ಕೊಯ್ಕೊಳ್ತಾ ಇದಾರಲ್ಲಾ! ಇಷ್ಟೊಂದು ಹಣ್ಣು ತಿಂತಾರಾ ಯಾರಾದ್ರೂ, ಹೊಟ್ಟೆಬಾಕ್ರು! ನಾವು ಹೊಸಬ್ರು, ನಾವು ಹಾಗೆಲ್ಲ ಮಾಡಬಾರದು ಅಂತ ನಾನು ಒಬ್ಳೇ ನಿಯತ್ತಾಗಿ ಕೆಲಸ ಮಾಡ್ದೆ. ಹೀಗೆ!"

ಎಂಬತ್ತು ದಾಟಿದ ಎರಡು ಕೈಗಳು ಮೈಕಿನ ಆಚೆ ಈಚೆ ಎದ್ದವು. ಹೆಬ್ಬೆರಳು ತೋರುಬೆರಳು ಸೇರಿ ಗಾಳಿಯನ್ನು ಚಿವುಟಿದವು, ಎಷ್ಟು ಬೇಗ, ಎಷ್ಟು ಹಗುರ, ಹಕ್ಕಿ ಕಾಳು ಹೆಕ್ಕುವ ಹಾಗೆ. ಚಿವುಟಿದ್ದು ಹೆಗಲ ಮೇಲಿಂದ ಹಾರಿ ಹಿಂದಕ್ಕೆ ಹೋಯಿತು. ಮಾತು ಅರ್ಥವಾದವರು ನಗುವ ಮೊದಲೇ, ಭವನದ ಕೊನೆಯ ಸಾಲಿನಿಂದ, ಒಬ್ಬ ಹೆಂಗಸಿನ ನಗು ತಡೆಯಲಾರದೆ ಚಿಮ್ಮಿತು. ಆಮೇಲೆ ಎಲ್ಲರದ್ದೂ. ರೈಟರು ಕಾಗದದಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ವಡಿವು ಕತ್ತು ತಗ್ಗಲೆಂದು ಕಾದಳು. ಅದು ತಾನಾಗಿ ತಗ್ಗುತ್ತದೆ, ಅವಳೇನೂ ಮಾಡಬೇಕಾಗಿಲ್ಲ. ಆದರೆ ಇವತ್ತು ಅವಳಿಗೆ ನೋಡಬೇಕೆನಿಸಿತು. ಅಮ್ಮನ ಬೆನ್ನು ಎದುರಿಗಿತ್ತು, ಆ ಬೆನ್ನಿನ ಆಚೆ ನಗುವ ಅಷ್ಟೂ ಮುಖಗಳು. ಅವಳು ಹುಡುಕಿದಳು, ಬೆಂಚಿನ ಹುಡುಗರ ಮುಖವನ್ನು. ಸಿಗಲಿಲ್ಲ. ಎಲ್ಲರೂ ಅಮ್ಮನ ಕೈಯನ್ನೇ ನೋಡುತ್ತಿದ್ದರು, ಮಕ್ಕಳು ಕಥೆ ಹೇಳುವವರ ಬಾಯಿ ನೋಡುವ ಹಾಗೆ.

"ಬಂದು ಇಳಿದಾಗ ನಮ್ಮನ್ನ ಯಾರೂ ಮಾತಾಡ್ಸಿರ್ಲಿಲ್ಲ," ಎನ್ನುತ್ತಿದ್ದರು ಪಾಪಮ್ಮ. "ತಪ್ಪಲ್ಲ ಅದು, ಎಲ್ಲಿಂದಲೋ ಬಂದೋರು, ಭಾಷೆ ಬೇರೆ. ಅವತ್ತು ಸಂಜೆ ನೋಡಿ, ಇಡೀ ಲೈನು ನಮ್ಮ ಬಾಗಿಲಿಗೆ. ಎಲೆ ಕೊಯ್ದೋಳು ಯಾರು, ತೋರ್ಸಿ ತೋರ್ಸಿ ಅಂತ! ನಾನು ಮತ್ತೆ ಮತ್ತೆ ಕೈಯಲ್ಲಿ ಮಾಡಿ ತೋರ್ಸಿದೆ, ಅವರು ಮತ್ತೆ ಮತ್ತೆ ಬಿದ್ದು ಬಿದ್ದು ನಕ್ರು. ನಗೋಕೆ ಬಂದೋರು ಬರಿಗೈಯಲ್ಲಿ ಬರ್ಲಿಲ್ಲ. ಉಪ್ಪು ಬಂತು, ಒಣಮೀನು ಬಂತು, ಒಂದು ಕೆಂಡ ಬಂತು ಒಲೆಗೆ. ಇವಳಿಗೆ ಜ್ವರ ಅವತ್ತು. ಮಾರಯ್ಯನ ಹೆಂಡತಿ ತನ್ನ ಕಂಬಳಿ ತಂದು ಹೊದಿಸಿದ್ಳು. ಇವಳಿಗೆ ನೆನಪಿಲ್ಲ ಅದು. ನಕ್ಕಿದ್ದು ಮಾತ್ರ ನೆನಪಿದೆ. ಆ ಕಥೆ ಬಂದ್ರೆ ಸಾಕು, ಕತ್ತು ಹೀಗೆ ಹಾಕ್ತಾಳೆ. ನಾನು ನೋಡಿಲ್ಲ ಅಂದ್ಕೊಂಡಿದಾಳೆ."

ಕಂಬಳಿ ನೆನಪಿತ್ತು. ಒರಟು ಉಣ್ಣೆ, ಹೊಗೆ ಮತ್ತು ಕುರಿಯ ವಾಸನೆ, ಕೆನ್ನೆಗೆ ಚುಚ್ಚುವ ಅಂಚು. ಜ್ವರದ ಕನಸಿನಲ್ಲಿ ಅದು ಬೆಟ್ಟವಾಗಿತ್ತು, ಅವಳು ಅದರ ಬುಡದಲ್ಲಿ ಬೆಚ್ಚಗೆ ಮಲಗಿದ್ದಳು. ಅದು ಎಲ್ಲಿಂದ ಬಂತೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಸುದ್ದಿ ಹುಡುಕಿ ಬೆಟ್ಟ ಹತ್ತಿ ಇಳಿದವಳು, ಯಾರ್ಯಾರನ್ನೋ ಎಷ್ಟೆಷ್ಟೋ ಕೇಳಿದವಳು, ತನ್ನ ಮೈಮೇಲೆ ಬಿದ್ದ ಕಂಬಳಿಯ ಸುದ್ದಿಯನ್ನು ಕೇಳದೆ ಬಿಟ್ಟಿದ್ದಳು. ಕುರ್ಚಿಯಲ್ಲಿ ಮತ್ತೆ ಕೂತು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಿವಿಗೆ ಗಾಳಿ ಬಂತು. ನಗು ಈಗ ಬೇರೆಯೇ ಥರ ಕೇಳಿಸಿತು, ಹತ್ತಿರದಿಂದ.

ಅವಳ ಸರದಿ ಬಂದಾಗ ದೆಹಲಿಯಿಂದ ಬರೆದುಕೊಂಡು ಬಂದದ್ದು ಯಾವುದನ್ನೂ ಓದಲಿಲ್ಲ. ಮಾರಯ್ಯನ ಮನೆಯವರು ಯಾರಾದರೂ ಇಲ್ಲಿದ್ದೀರಾ ಎಂದು ಕೇಳಿದಳು. ಎಡಗಡೆಯ ಸಾಲಿನಿಂದ ರೂಪಶ್ರೀ ಎಂಬ ಮೊಮ್ಮಗಳು ಸಂಕೋಚದಿಂದ ಕೈಯೆತ್ತಿದಳು. ವಡಿವು ವೇದಿಕೆ ಇಳಿದು ಹೋಗಿ ಶಾಲನ್ನು ಅವಳಿಗೆ ಹೊದಿಸಿದಳು. ಹುಡುಗಿಯ ಕೈ ಹಿಡಿದುಕೊಂಡು ನಿಂತಳು. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಸ್ವಲ್ಪ ತಟ್ಟಿದರು.

ಊಟ ಭವನದ ಹಿಂದಿನ ಚಪ್ಪರದಲ್ಲಿ. ವಡಿವು ಅಮ್ಮನಿಗೂ ತನಗೂ ತಟ್ಟೆಗೆ ಬಡಿಸಿಕೊಂಡು ಬರುವಷ್ಟರಲ್ಲಿ ಅಮ್ಮನ ಪಕ್ಕದಲ್ಲಿ ಒಬ್ಬ ಎಳೆಯ ಹೆಂಗಸು ನಿಂತಿದ್ದಳು. ಹಳದಿ ಸ್ವೆಟರು, ಹಣೆಯ ನಡುವೆ ಬಳ್ಳಿಯ ಹಾಗೆ ಸಣ್ಣ ಹಚ್ಚೆ. ಮೊದಲು ನಕ್ಕವಳು ಇವಳೇ ಇರಬೇಕು. ಈಗ ನಗುತ್ತಿರಲಿಲ್ಲ. ಏನೋ ಹೇಳಬೇಕೆಂದು ಬಂದು, ಭಾಷೆ ಸಾಲದೆ, ಸ್ವೆಟರಿನ ತೋಳು ಎಳೆದುಕೊಳ್ಳುತ್ತಿದ್ದಳು. ವಡಿವುವಿಗೆ ಕೆಲಸ ಸಿಕ್ಕಿತು. ಹಿಂದಿಯಲ್ಲಿ, ಮೃದುವಾಗಿ, ನೀನು ಎಲ್ಲಿಯವಳಮ್ಮ ಎಂದು ಶುರು ಮಾಡಿದಳು. ಆ ಹೆಂಗಸು ಅವಳ ಕಡೆ ಗೌರವದಿಂದ ಒಮ್ಮೆ ನೋಡಿ, ಮತ್ತೆ ಪಾಪಮ್ಮನ ಕಡೆಗೇ ತಿರುಗಿ, ಎರಡೂ ಕೈ ಎತ್ತಿದಳು. ಹೆಬ್ಬೆರಳು, ತೋರುಬೆರಳು. ಚಿವುಟಿದಳು, ಹೆಗಲ ಹಿಂದಕ್ಕೆ ಎಸೆದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, ದೂರದ ಹೊನ್ನೆಕಾಡಿನ ಕಡೆ ಬೆರಳು ತೋರಿಸಿ, ಬೆನ್ನ ಹಿಂದೆ ಏನೂ ಇಲ್ಲವೆಂಬಂತೆ ಖಾಲಿ ಕೈ ಆಡಿಸಿದಳು. "ನಾನೂ. ಹೋದ ವರ್ಷ. ಎಲ್ಲಾ ನಗು," ಎಂದಳು ಕನ್ನಡದಲ್ಲಿ. ಕಣ್ಣಲ್ಲಿ ನೀರು ನಿಂತಿತ್ತು.

"ಅಯ್ಯೋ ನನ್ನ ಕಣ್ಣೇ!" ಎಂದರು ಪಾಪಮ್ಮ. ಬೆಂಚಿನ ಮೇಲೆ ಸರಿದು ಜಾಗ ಮಾಡಿ ಅವಳನ್ನು ಎಳೆದು ಕೂರಿಸಿಕೊಂಡರು. "ನೀನೂ ಟೀ ತೋಟದವಳಾ? ಬಾ, ಕೂತ್ಕೋ. ಹೆಸರೇನು? ಹೆಸರು, ಹೆಸರು?"

"ಮೊಯ್ನಾ."

"ಮೊಯ್ನಾ. ಹೇಳು ಮೊಯ್ನಾ, ನಿಮ್ಮಲ್ಲಿ ಬುಟ್ಟಿ ಕಟ್ಟೋ ಹಗ್ಗ ಹಣೆಗೋ, ನೆತ್ತಿಗೋ? ನಮಗೆ ನೆತ್ತಿಗೆ. ಇಲ್ಲಿ ನೋಡು, ಇನ್ನೂ ತಗ್ಗು ಇದೆ, ಮುಟ್ಟು." ಅವಳ ಕೈ ಹಿಡಿದು ಬಿಳಿಗೂದಲಿನ ನಡುವೆ ಇಟ್ಟರು. ಮೊಯ್ನಾ ಮುಟ್ಟಿ ನೋಡಿದಳು, ಕಣ್ಣರಳಿಸಿದಳು, ತನ್ನ ತಲೆಯನ್ನೂ ಬಗ್ಗಿಸಿ ತೋರಿಸಿದಳು. ಒಬ್ಬರು ತಮಿಳು ಬೆರೆಸಿದ ಕನ್ನಡದಲ್ಲಿ, ಇನ್ನೊಬ್ಬರು ವಡಿವುವಿಗೂ ತಿಳಿಯದ ಒಂದು ಮಾತಿನಲ್ಲಿ ಶುರು ಮಾಡಿದರು. ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು. ಕೈಗಳು ಬೇರೆ ನಡುನಡುವೆ ಗಾಳಿಯನ್ನು ಚಿವುಟುತ್ತಿದ್ದವು. ಮೊಯ್ನಾ ಈಗ ನಗುತ್ತಿದ್ದಳು, ತಾನೇ ಹೇಳುತ್ತಿರುವ ಏನಕ್ಕೋ.

ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ವಡಿವು ಪಕ್ಕದಲ್ಲಿ ನಿಂತಿದ್ದಳು. ಅನುವಾದಿಸಬೇಕಾದ್ದು ಏನೂ ಇರಲಿಲ್ಲ. ಅವಳು ಅಲ್ಲಿದ್ದದ್ದೇ ಇಬ್ಬರಿಗೂ ಮರೆತಿತ್ತು. ಅಮ್ಮನ ತಟ್ಟೆಯನ್ನು ಸದ್ದಾಗದ ಹಾಗೆ ಮೊಯ್ನಾಳ ಮುಂದಿಟ್ಟು, ತನ್ನದನ್ನು ಅಮ್ಮನ ಮುಂದಿಟ್ಟಳು.

ದಿಲೀಪ್ ಹತ್ತಿರ ಬಂದು ಗಡಿಯಾರ ನೋಡಿಕೊಂಡ. "ಮೇಡಂ, ಹೊರಡೋಣ್ವಾ? ಜೀಪು ರೆಡಿ ಇದೆ."

"ತಡೀರಿ ದಿಲೀಪ್," ಎಂದಳು ವಡಿವು. "ಅಮ್ಮ ಮಾತಾಡ್ತಾ ಇದಾರೆ."